ಮಹಾನಗರದ ಪಂಚತಾರಾ ಹೋಟೆಲ್‌ಗಳಲ್ಲಿ ಒಂದನ್ನು ನಾನು ಆರಿಸುವ ಬಗೆ

ನಮ್ಮ ಸಂಸ್ಥೆಗೆ ಬರುವ ಅತಿಥಿಗಳಿಗೆ, ಹೊರಗೆ ಹೋಗುವ ನಮ್ಮ ಹಿರಿಯರಿಗೆ ಉಳಿಯುವ ವ್ಯವಸ್ಥೆ ಮಾಡುವುದು ಬಹಳ ವರ್ಷಗಳಿಂದ ನನ್ನ ಕೆಲಸ. ಪರಿಚಯದವರು ಎಲ್ಲಿಗಾದರೂ ಹೊರಟರೆ ಫೋನ್ ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಫೋರ್ ಸೀಸನ್ಸ್ ಚೆನ್ನಾಗಿರುತ್ತಾ, ಪಾರ್ಕ್ ಹಯಾತ್ ಚೆನ್ನಾಗಿರುತ್ತಾ, ರಿಟ್ಸ್-ಕಾರ್ಲ್‌ಟನ್ನಾ?" ಇಷ್ಟೇ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಯಾವ ಕಟ್ಟಡ, ಅದರ ರೂಮುಗಳನ್ನು ಕೊನೆಯ ಸಲ ಹೊಸದು ಮಾಡಿದ್ದು ಯಾವಾಗ, ಉಳಿಯುವವರು ಯಾರು, ಎಷ್ಟು ಹೊತ್ತಿಗೆ ಬಂದಿಳಿದು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಇದೆಲ್ಲ ಗೊತ್ತಾದರೆ ಹುಡುಕಿ ಹೇಳಬಲ್ಲೆ. ಈ ಮಟ್ಟದ ಹೋಟೆಲ್‌ಗಳಲ್ಲಿ ಹೆಸರು ಒಂದು ಕನಿಷ್ಠ ಭರವಸೆ ಕೊಡುತ್ತದೆ. ಹಾಸಿಗೆ ಒಳ್ಳೆಯದಿರುತ್ತದೆ, ಶುಚಿ ಇರುತ್ತದೆ, ಮಾತಾಡಿಸುವ ರೀತಿ ಇರುತ್ತದೆ. ಅದರಾಚೆಗಿನದ್ದೆಲ್ಲ ಆ ಒಂದು ಕಟ್ಟಡದ ಮತ್ತು ಅಲ್ಲಿ ದುಡಿಯುವ ಜನರ ಮೇಲೆ ನಿಂತಿದೆ.

ಹಾಗಾಗಿ ನಾನು ಮೊದಲು ನೋಡುವುದು ಕಟ್ಟಡ ಯಾರದು, ನಡೆಸುವವರು ಯಾರು ಎಂಬುದನ್ನು. ದೊಡ್ಡ ಸಮೂಹಗಳು ತಮ್ಮ ಹೆಸರು ಹೊತ್ತ ಕಟ್ಟಡಗಳಲ್ಲಿ ಬಹುಪಾಲನ್ನು ತಾವೇ ಕಟ್ಟಿಸಿದ್ದಲ್ಲ, ಅವುಗಳ ಮಾಲೀಕರೂ ಅಲ್ಲ. ಕಟ್ಟಡ ಯಾರೋ ಹೂಡಿಕೆದಾರರದ್ದು ಅಥವಾ ಬಿಲ್ಡರ್‌ದು. ಸಮೂಹ ತನ್ನ ಹೆಸರು, ಬುಕಿಂಗ್ ವ್ಯವಸ್ಥೆ, ತರಬೇತಿ, ಜನರಲ್ ಮ್ಯಾನೇಜರ್ ಎಲ್ಲವನ್ನೂ ಕೊಟ್ಟು ಹೋಟೆಲ್ ನಡೆಸುತ್ತದೆ. ಅದಕ್ಕೆ ಶುಲ್ಕ ತೆಗೆದುಕೊಳ್ಳುತ್ತದೆ. ಇದು ನಿರ್ವಹಣಾ ಒಪ್ಪಂದ. ಇನ್ನೊಂದು ಫ್ರಾಂಚೈಸಿ: ಹೆಸರು ಮತ್ತು ನಿಯಮಗಳು ಮಾತ್ರ ಸಮೂಹದ್ದು, ದಿನನಿತ್ಯ ನಡೆಸುವವರು ಬೇರೆ. ಅತಿ ಮೇಲಿನ ದರ್ಜೆಯ ಬ್ರ್ಯಾಂಡ್‌ಗಳಲ್ಲಿ ನಿರ್ವಹಣಾ ಒಪ್ಪಂದವೇ ಹೆಚ್ಚು. ಒಂದು ಮೆಟ್ಟಿಲು ಕೆಳಗಿಳಿದರೆ ಫ್ರಾಂಚೈಸಿ ಹೆಚ್ಚುತ್ತಾ ಹೋಗುತ್ತದೆ. ಪೆನಿನ್ಸುಲಾ ಥರದವರು ಇದಕ್ಕೆ ಅಪವಾದ. 1928ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲ ಪೆನಿನ್ಸುಲಾ ತೆರೆದ ಕಂಪನಿಯೇ ಇವತ್ತಿಗೂ ಆ ಹೋಟೆಲ್‌ಗಳನ್ನು ನಡೆಸುತ್ತದೆ, ಅವುಗಳ ಒಡೆತನದಲ್ಲೂ ಪಾಲು ಇಟ್ಟುಕೊಂಡಿದೆ. ಅಲ್ಲಿ ಹೋಟೆಲ್‌ಗಳ ಸಂಖ್ಯೆ ಕಡಿಮೆ, ಒಂದಕ್ಕೂ ಇನ್ನೊಂದಕ್ಕೂ ಅಂತರವೂ ಕಡಿಮೆ.

ಉಳಿಯುವವರಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಆಗಬೇಕಾದ್ದು ಬಹಳ ಇದೆ. ಕಾರ್ಪೆಟ್, ಪರದೆ, ಸೋಫಾದ ಬಟ್ಟೆ ಇವನ್ನು ಸಾಮಾನ್ಯವಾಗಿ ಐದಾರು ವರ್ಷಕ್ಕೊಮ್ಮೆ ಬದಲಿಸಬೇಕು. ಬಾತ್‌ರೂಮ್, ಪೈಪು, ಎಸಿ, ವೈರಿಂಗ್ ಇವಕ್ಕೆ ಹನ್ನೆರಡರಿಂದ ಹದಿನೈದು ವರ್ಷದ ಒಳಗೆ ದೊಡ್ಡ ಕೈ ಹಾಕಬೇಕು. ಇದಕ್ಕೆಲ್ಲ ದುಡ್ಡು ಹಾಕುವವರು ಮಾಲೀಕರು, ಸಮೂಹದವರಲ್ಲ. ಮಾಲೀಕರ ಕೈ ಬಿಗಿಯಾದರೆ ಎಷ್ಟೇ ದೊಡ್ಡ ಹೆಸರಿರಲಿ, ಶವರ್‌ನ ಬಿಸಿನೀರು ಬರಲು ನಿಮಿಷಗಟ್ಟಲೆ ಕಾಯಬೇಕಾಗುತ್ತದೆ, ಎಸಿ ರಾತ್ರಿಯೆಲ್ಲ ಗುಂಯ್ ಅನ್ನುತ್ತಿರುತ್ತದೆ. ಎಷ್ಟೇ ನುರಿತ ಸಿಬ್ಬಂದಿಯಾದರೂ ಮುಗುಳ್ನಗೆಯಿಂದ ಹಳೆ ಪೈಪು ಸರಿಮಾಡಲಾಗದು.

ಮಾಲೀಕರು ಬದಲಾದಾಗ ಹೋಟೆಲ್ ಎಷ್ಟರಮಟ್ಟಿಗೆ ಬೇರೆಯೇ ಆಗಿಬಿಡಬಹುದು ಎನ್ನುವುದಕ್ಕೆ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಸಾಕು. ಹಿಲ್ಟನ್ ಸಮೂಹ ಅದನ್ನು 195 ಕೋಟಿ ಡಾಲರಿಗೆ ಚೀನಾದ ಅನ್‌ಬಾಂಗ್ ವಿಮಾ ಕಂಪನಿಗೆ ಮಾರಲು ಒಪ್ಪಿದ್ದು 2014ರಲ್ಲಿ. ಮಾರಿದರೂ ಮುಂದಿನ 100 ವರ್ಷ ನಡೆಸುವ ಹಕ್ಕನ್ನು ಕರಾರಿನಲ್ಲೇ ಬರೆಸಿಕೊಂಡಿತು. 2017ರಲ್ಲಿ ಬಾಗಿಲು ಮುಚ್ಚಿದ ಹೋಟೆಲ್ 2025ರಲ್ಲಿ ಮತ್ತೆ ತೆರೆಯುವಾಗ 1,400ಕ್ಕೂ ಹೆಚ್ಚು ರೂಮುಗಳಿದ್ದ ಕಡೆ 375 ಮಾತ್ರ ಉಳಿದಿದ್ದವು. ಮಿಕ್ಕ ಜಾಗ ಮಾರಾಟದ ಅಪಾರ್ಟ್‌ಮೆಂಟ್‌ಗಳಾಯಿತು. ಹೆಸರು ಅದೇ, ವಿಳಾಸ ಅದೇ. 2016ರಲ್ಲಿ ಅಲ್ಲಿ ಉಳಿದವರು ಹೇಳುವ ಒಳ್ಳೆಯ ಮಾತೂ ಕೆಟ್ಟ ಮಾತೂ ಇವತ್ತು ಅಲ್ಲಿಗೆ ಹೋಗುವವರಿಗೆ ಪ್ರಯೋಜನಕ್ಕಿಲ್ಲ.

ಆದ್ದರಿಂದ ಯಾವುದೇ ಹೋಟೆಲ್ ಕಣ್ಣಿಗೆ ಬಿದ್ದ ಕೂಡಲೇ ಎರಡು ವಿಷಯ ಪತ್ತೆಮಾಡುತ್ತೇನೆ: ತೆರೆದ ವರ್ಷ, ರೂಮುಗಳ ನವೀಕರಣ ಮುಗಿದ ವರ್ಷ. ಲಾಬಿಯ ನವೀಕರಣವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲಾಬಿ, ಬಾರ್, ರೆಸ್ಟೋರೆಂಟ್ ಹೊಸದು ಮಾಡಿ ಪತ್ರಿಕೆಯಲ್ಲಿ ಚಿತ್ರ ಹಾಕಿಸಿ, ರೂಮುಗಳನ್ನು ಹಾಗೇ ಬಿಟ್ಟ ಹೋಟೆಲ್‌ಗಳನ್ನು ಕಂಡಿದ್ದೇನೆ. "ನವೀಕೃತ" ಎಂದು ಬರೆದಿದ್ದರೆ ಯಾವ ಮಹಡಿಗಳು ಎಂದು ಕೇಳಲೇಬೇಕು. ನವೀಕರಣ ನಡೆಯುತ್ತಿರುವ ಹೋಟೆಲ್ ಆದರೆ ಡ್ರಿಲ್ಲಿಂಗ್ ಸದ್ದು ಯಾವ ಹೊತ್ತಿಗೆ ಶುರು, ಎಷ್ಟಕ್ಕೆ ನಿಲ್ಲುತ್ತದೆ ಎಂಬುದನ್ನೂ ಬರಹದಲ್ಲೇ ತರಿಸಿಕೊಳ್ಳುತ್ತೇನೆ.

ಜಾಗದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಮ್ಯಾಪ್ ತೆರೆದು, ಅತಿಥಿಗೆ ಬೆಳಿಗ್ಗೆ ಒಂಬತ್ತಕ್ಕೆ ಸಭೆ ಇದ್ದರೆ ವಾರದ ಅದೇ ದಿನ ಅದೇ ಹೊತ್ತಿಗೆ ಎಷ್ಟು ನಿಮಿಷ ತೋರಿಸುತ್ತದೆ ಎಂದು ನೋಡುತ್ತೇನೆ. ಮಹಾನಗರದಲ್ಲಿ ಕಿಲೋಮೀಟರಿಗೆ ಅರ್ಥವಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಕಾರಿಲ್ಲದೆ ಹೊರಗೆ ಕಾಲಾಡಿಸಿ ಬರಲು ಫುಟ್‌ಪಾತ್ ಇದೆಯೇ ಎನ್ನುವುದು ಇನ್ನೊಂದು. ಇವೆರಡು ಸರಿಯಾಗಿದ್ದರೆ ಜಾಗ ಸರಿ.

ರೂಮಿನ ವಿಷಯ ಹಾಗಲ್ಲ. ನನ್ನ ಹೊತ್ತು ಹೆಚ್ಚು ಹೋಗುವುದೇ ಇಲ್ಲಿ. ಡೀಲಕ್ಸ್, ಪ್ರೀಮಿಯರ್, ಗ್ರ್ಯಾಂಡ್, ಸಿಗ್ನೇಚರ್ ಎಂಬ ಹೆಸರುಗಳಿಗೆ ಎಲ್ಲ ಕಡೆ ಒಂದೇ ಅರ್ಥ ಇಲ್ಲ. ಒಂದು ಕಡೆಯ ಡೀಲಕ್ಸ್ ಇನ್ನೊಂದು ಕಡೆ ತೀರಾ ಕೆಳಗಿನ ದರ್ಜೆಯದಾಗಿರುತ್ತದೆ. ಹೆಸರು ಬದಿಗಿಟ್ಟು ಚದರ ಮೀಟರ್ ನೋಡುತ್ತೇನೆ. ಹಳೆಯ ನಗರದ ಹಳೆಯ ಕಟ್ಟಡದಲ್ಲಿ 25 ಚದರ ಮೀಟರಿನ ಪಂಚತಾರಾ ರೂಮು ಇರುತ್ತದೆ. ಹೊಸದಾಗಿ ಎತ್ತಿದ ಗೋಪುರದಲ್ಲಿ ಅದೇ ದರ್ಜೆಗೆ 45 ಇರಬಹುದು. ಒಬ್ಬರು ಎರಡು ರಾತ್ರಿ ಮಲಗಿ ಎದ್ದು ಹೋಗುವುದಾದರೆ 25 ಸಾಕು. ಇಬ್ಬರು, ದೊಡ್ಡ ಸೂಟ್‌ಕೇಸ್‌ಗಳು, ಒಂದು ವಾರ ಎಂದಾದರೆ ಅಷ್ಟರಲ್ಲಿ ಪೆಟ್ಟಿಗೆ ತೆರೆದಿಡಲೂ ಜಾಗ ಸಿಗದು.

ಎರಡು ಪಕ್ಕದ ರೂಮುಗಳ ನಡುವೆ ಇರುವ ಕನೆಕ್ಟಿಂಗ್ ಬಾಗಿಲು ನನ್ನ ಪಟ್ಟಿಯಲ್ಲಿ ಬಹಳ ಮೇಲೆ ಇದೆ. ಕುಟುಂಬದವರಿಗೆ ಅದು ವರ, ಒಬ್ಬಂಟಿಯಾಗಿ ಬಂದವರಿಗೆ ನಿದ್ದೆಗೇಡು. ಗೋಡೆ ಎಷ್ಟೇ ದಪ್ಪವಿದ್ದರೂ ಆ ಬಾಗಿಲ ಅಡಿಯ ಸಂದಿನಿಂದ ಪಕ್ಕದವರ ಟಿವಿ, ಫೋನ್ ಮಾತು, ಬೆಳಗಿನ ಅಲಾರಂ ಎಲ್ಲ ಕೇಳುತ್ತದೆ. ಹೋಟೆಲ್‌ನವರು ತಾವಾಗಿ ಹೇಳುವುದಿಲ್ಲ, ಕೇಳಿದರೆ ತಪ್ಪಿಸಿ ಕೊಡುತ್ತಾರೆ. ಹಾಗೆಯೇ ಲಿಫ್ಟ್ ಪಕ್ಕದ ರೂಮು, ಹೌಸ್‌ಕೀಪಿಂಗ್‌ನವರ ಸರ್ವಿಸ್ ಕೋಣೆಯ ಎದುರಿನ ರೂಮು, ಬ್ಯಾಂಕ್ವೆಟ್ ಹಾಲ್‌ನ ನೇರ ಮೇಲಿನ ಮಹಡಿ, ರೂಫ್‌ಟಾಪ್ ಬಾರ್‌ನ ನೇರ ಕೆಳಗಿನ ಮಹಡಿ. ಎಲ್ಲಕ್ಕಿಂತ ಮೇಲಿನ ಮಹಡಿಯೇ ಚೆಂದ ಎಂಬ ನಂಬಿಕೆ ಅನೇಕರಿಗಿದೆ. ಮೇಲೆ ಬಾರ್ ಇರುವ ಕಟ್ಟಡದಲ್ಲಿ ನಾನು ಎರಡು ಮಹಡಿ ಕೆಳಗೆ ಕೇಳುತ್ತೇನೆ.

ಇದೆಲ್ಲ ತಿಳಿಯುವುದು ಫೋನ್ ಕರೆಯಿಂದ. ಸಮೂಹದ ಕೇಂದ್ರ ಕಾಲ್ ಸೆಂಟರಿಗೆ ಮಾಡಿದರೆ ಅವರ ಮುಂದಿರುವುದು ನಮ್ಮ ಮುಂದಿರುವ ಪರದೆಯೇ. ಆಯಾ ಹೋಟೆಲ್‌ನ ನೇರ ನಂಬರಿಗೆ ಮಾಡಬೇಕು. ಹೊತ್ತೂ ನೋಡಿಕೊಳ್ಳಬೇಕು: ಹನ್ನೊಂದರಿಂದ ಹನ್ನೆರಡು ಚೆಕ್‌ಔಟ್ ಗಲಾಟೆ, ಮೂರರಿಂದ ಐದು ಚೆಕ್‌ಇನ್ ಗಲಾಟೆ. ಇವೆರಡರ ನಡುವೆ, ಮಧ್ಯಾಹ್ನ ಒಂದೂವರೆ ಎರಡು ಗಂಟೆಯ ಹೊತ್ತಿಗೆ ಮಾತಾಡುವ ವ್ಯವಧಾನ ಇರುತ್ತದೆ, ಹೌಸ್‌ಕೀಪಿಂಗ್‌ನವರೂ ಮಹಡಿಗಳಲ್ಲೇ ಇರುತ್ತಾರೆ.

ಹಿಂದೊಮ್ಮೆ 78 ವಯಸ್ಸಿನ ಒಬ್ಬ ಹಿರಿಯ ವಿದ್ವಾಂಸೆ ಉಪನ್ಯಾಸಕ್ಕೆ ಬರುವವರಿದ್ದರು. ಮಂಡಿಗೆ ಆಪರೇಷನ್ ಆಗಿ ಕೆಲವೇ ತಿಂಗಳಾಗಿತ್ತು. ಸೋಸಿ ಸೋಸಿ ಮೂರು ಹೋಟೆಲ್ ಉಳಿಸಿಕೊಂಡಿದ್ದೆ, ಮೂರೂ ಜಗತ್ತಿಗೆ ಗೊತ್ತಿರುವ ಹೆಸರುಗಳು, ದರ ಹತ್ತಿರ ಹತ್ತಿರ ಒಂದೇ. ಮೂರು ಕಡೆಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಸ್ನಾನಕ್ಕೆ ಟಬ್ಬಿನೊಳಗೆ ಕಾಲೆತ್ತಿ ಇಡದೆ ಹೋಗಲು ಆಗುತ್ತದೆಯೇ?

ಮೊದಲನೆಯವರು ಪ್ರಶ್ನೆ ಮುಗಿಯುವ ಮುಂಚೆಯೇ "ಖಂಡಿತ ಮೇಡಂ, ನಮ್ಮ ಎಲ್ಲ ರೂಮುಗಳಲ್ಲೂ ಲಕ್ಷುರಿ ಬಾತ್‌ರೂಮ್ ಇದೆ" ಎಂದರು. ಎರಡನೆಯವರು ಇಮೇಲ್ ಕಳಿಸಿ ಎಂದರು. ಕಳಿಸಿದೆ, ರೂಮುಗಳ ಚೆಂದದ ಕಿರುಹೊತ್ತಗೆ ಬಂತು, ಉತ್ತರ ಬರಲಿಲ್ಲ. ಮೂರನೆಯ ಕಡೆ ಮಾತಾಡಿದ ಹುಡುಗ "ಒಂದು ನಿಮಿಷ ಮೇಡಂ, ಗೊತ್ತಿಲ್ಲದೆ ಹೇಳುವುದು ಬೇಡ, ಮಹಡಿಯ ಸೂಪರ್‌ವೈಸರ್‌ನ ಕೇಳಿ ನಾನೇ ಫೋನ್ ಮಾಡುತ್ತೇನೆ" ಎಂದ. ಇಪ್ಪತ್ತು ನಿಮಿಷದಲ್ಲಿ ಮಾಡಿದ.

"ನೀವು ನೋಡಿರುವ ಡೀಲಕ್ಸ್‌ನಲ್ಲಿ ಶವರ್ ಟಬ್ಬಿನ ಒಳಗೇ ಇದೆ ಮೇಡಂ, ಅದು ಅವರಿಗೆ ಆಗುವುದಿಲ್ಲ. ಅದೇ ದರದಲ್ಲಿ ಎರಡೂ ಬದಿಯ ಮೂಲೆಯಲ್ಲಿ ರೂಮುಗಳಿವೆ, ಒಂದು ಬದಿಯವು 14ಕ್ಕೆ ಕೊನೆಯಾಗುತ್ತವೆ. ಅಲ್ಲಿ ಶವರ್ ಬೇರೆ. ಹೊಸ್ತಿಲು ಒಂದು ಇಂಚು ಎತ್ತರ ಇದೆ, ಅದೂ ಇಲ್ಲದಂತೆ ಮಾಡಲಾಗುವುದಿಲ್ಲ. ಗೋಡೆಗೆ ಹಿಡಿ ಇದೆ. ಕೂತು ಸ್ನಾನ ಮಾಡಲು ಸ್ಟೂಲ್ ಹಾಕಿಸಲೇ? ಅವರು ಎಡಗೈಯಲ್ಲಿ ಹಿಡಿಯುತ್ತಾರೋ ಬಲಗೈಯಲ್ಲೋ ಹೇಳಿದರೆ ಹಿಡಿ ಆ ಕಡೆ ಬರುವ ರೂಮು ನೋಡುತ್ತೇನೆ."

ಎಡಗೈಯೋ ಬಲಗೈಯೋ ಎಂಬ ಪ್ರಶ್ನೆ ನನಗೂ ಹೊಳೆದಿರಲಿಲ್ಲ. ಎಡ ಬದಿಯ ಮೂಲೆ ರೂಮು ಒಂದು ಬಗೆ, ಬಲ ಬದಿಯದು ಅದರ ಕನ್ನಡಿ ಪ್ರತಿಬಿಂಬ, ಹಿಡಿಯ ದಿಕ್ಕೂ ಅದಲು ಬದಲು. ಅಲ್ಲಿಗೆ ನನ್ನ ತೀರ್ಮಾನ ಆಯಿತು. ಆ ಹೋಟೆಲ್ ಮೂರರಲ್ಲಿ ಅತಿ ದೊಡ್ಡ ಹೆಸರಲ್ಲ, ಲಾಬಿಯೂ ಸಾಧಾರಣ. ಒಬ್ಬ ಕಿರಿಯ ನೌಕರ ತಿಳಿಯದ್ದನ್ನು ತಿಳಿಯದು ಎಂದು ಹೇಳಿ, ತಿಳಿದವರನ್ನು ಹುಡುಕಿ ಕೇಳಿ, ಹೇಳಿದ ಹೊತ್ತಿಗೆ ಫೋನ್ ಮಾಡುತ್ತಾನೆಂದರೆ ಆ ಹೋಟೆಲ್‌ನ ಒಳಗಿನ ವ್ಯವಸ್ಥೆ ಗಟ್ಟಿಯಾಗಿದೆ ಎಂದೇ ಅರ್ಥ. ರಾತ್ರಿ ಎರಡು ಗಂಟೆಗೆ ಅತಿಥಿಗೆ ಏನಾದರೂ ಬೇಕಾದಾಗ ಒದಗುವುದೂ ಅದೇ ವ್ಯವಸ್ಥೆ. ರಿಟ್ಸ್-ಕಾರ್ಲ್‌ಟನ್‌ನಲ್ಲಿ ಅತಿಥಿಯ ತೊಂದರೆ ಬಗೆಹರಿಸಲು ಯಾವುದೇ ನೌಕರ ಮೇಲಿನವರನ್ನು ಕೇಳದೆ 2,000 ಡಾಲರಿನವರೆಗೆ ಖರ್ಚು ಮಾಡಬಹುದು ಎಂಬ ನಿಯಮ ಈ ರಂಗದಲ್ಲಿ ಎಲ್ಲರಿಗೂ ಗೊತ್ತು. ನನಗೆ ಅದರಲ್ಲಿ ಮೊತ್ತಕ್ಕಿಂತ, ಕೆಳಗಿನವರ ತೀರ್ಮಾನವನ್ನು ಮೇಲಿನವರು ನಂಬುತ್ತಾರೆ ಎಂಬುದು ಮುಖ್ಯವಾಗಿ ಕಾಣುತ್ತದೆ. ಫೋನಿನಲ್ಲಿ ನಾನು ಹುಡುಕುವುದೂ ಅದನ್ನೇ.

ಈಗ ಪಾಯಿಂಟ್‌ಗಳ ಮಾತು, ಅಂದರೆ ಒಂದೇ ಸಮೂಹದಲ್ಲಿ ಮತ್ತೆ ಮತ್ತೆ ಉಳಿಯುವ ಸದಸ್ಯರಿಗೆ ಸಿಗುವ ಅಂಕಗಳದು. ಸದಸ್ಯತ್ವ ಇರುವವರು ತಮ್ಮ ಸಮೂಹವನ್ನು ಬಿಟ್ಟು ಅತ್ತಿತ್ತ ಕದಲುವುದಿಲ್ಲ. ವರ್ಷಕ್ಕೆ ಹತ್ತಾರು ರಾತ್ರಿ ಹೊರಗೆ ಕಳೆಯುವವರಿಗೆ ಅದು ಸರಿಯೇ. ಆದರೆ ಒಂದೇ ಸಮೂಹದೊಳಗೂ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ನಿಯಮ ಬೇರೆ. ಮ್ಯಾರಿಯಟ್ 2016ರಲ್ಲಿ ಸ್ಟಾರ್‌ವುಡ್ ಎಂಬ ಇನ್ನೊಂದು ಹೋಟೆಲ್ ಸಮೂಹವನ್ನು ಕೊಂಡ ಮೇಲೆ ರಿಟ್ಸ್-ಕಾರ್ಲ್‌ಟನ್ ಮತ್ತು ಸೇಂಟ್ ರೀಜಿಸ್ ಒಂದೇ ಮನೆಯವಾದವು, 2019ರಿಂದ ಇಬ್ಬರಿಗೂ ಬಾನ್‌ವಾಯ್ ಎಂಬ ಒಂದೇ ಸದಸ್ಯತ್ವ. ಆದರೂ ಪ್ಲಾಟಿನಂ ಎಂಬ ಮೇಲಿನ ದರ್ಜೆಯ ಸದಸ್ಯರಿಗೆ ಸೇಂಟ್ ರೀಜಿಸ್‌ನಲ್ಲಿ ಬೆಳಗಿನ ಉಪಾಹಾರ ಉಚಿತವಾಗಿ ಆರಿಸಿಕೊಳ್ಳಲು ಸಿಗುತ್ತದೆ, ರಿಟ್ಸ್-ಕಾರ್ಲ್‌ಟನ್‌ನಲ್ಲಿ ಇಲ್ಲ. ಅದೇ ಸಮೂಹದ ಎಡಿಷನ್‌ನಲ್ಲೂ ಇಲ್ಲ. ಇಬ್ಬರು ನಾಲ್ಕು ರಾತ್ರಿ ಇದ್ದರೆ ಎಂಟು ಉಪಾಹಾರ. ಈ ದರ್ಜೆಯ ಹೋಟೆಲ್‌ನಲ್ಲಿ ಅದು ಸಣ್ಣ ಮೊತ್ತವಲ್ಲ. ಹಯಾತ್‌ನಲ್ಲಿ ವರ್ಷಕ್ಕೆ 60 ರಾತ್ರಿ ಮುಗಿಸಿ ಗ್ಲೋಬಲಿಸ್ಟ್ ಎಂಬ ಮೇಲಿನ ದರ್ಜೆಗೆ ಏರಿದವರಿಗೆ ಪಾರ್ಕ್ ಹಯಾತ್‌ನಲ್ಲೂ ಪೂರ್ತಿ ಉಪಾಹಾರ ಇದೆ. ಫೋರ್ ಸೀಸನ್ಸ್‌ನವರಲ್ಲಂತೂ ಪಾಯಿಂಟ್ ಯೋಜನೆಯೇ ಇಲ್ಲ.

ಸದಸ್ಯತ್ವ ಇಲ್ಲದವರಿಗೆ ನಾನು ಹೇಳುವುದು ಒಳ್ಳೆಯ ಟ್ರಾವೆಲ್ ಏಜೆಂಟರನ್ನು ಹಿಡಿಯಿರಿ ಎಂದು. ಫೋರ್ ಸೀಸನ್ಸ್‌ಗೆ ಪ್ರಿಫರ್ಡ್ ಪಾರ್ಟ್‌ನರ್, ಹಯಾತ್‌ಗೆ ಪ್ರಿವೇ, ಹಲವು ಸಮೂಹಗಳಿಗೆ ಸೇರಿ ವರ್ಚುಯೋಸೊ ಎಂಬ ಏಜೆಂಟರ ಜಾಲಗಳಿವೆ. ಹೋಟೆಲ್‌ನ ಸ್ವಂತ ವೆಬ್‌ಸೈಟಿನ ಸಾಮಾನ್ಯ ದರವನ್ನೇ ಕೊಟ್ಟು, ಮೇಲೆ ಇಬ್ಬರಿಗೆ ಉಪಾಹಾರ, ಹೋಟೆಲ್ ಒಳಗೆ ಖರ್ಚು ಮಾಡಲು ಒಂದಿಷ್ಟು ಕ್ರೆಡಿಟ್, ಖಾಲಿ ಇದ್ದರೆ ಮೇಲಿನ ದರ್ಜೆಯ ರೂಮು ಸಿಗುತ್ತದೆ. ಏಜೆಂಟರಿಗೆ ಕಮಿಷನ್ ಕೊಡುವುದು ಹೋಟೆಲ್. ಅದಕ್ಕಿಂತ ಹೆಚ್ಚಾಗಿ, ಇಂಥ ಏಜೆಂಟರಿಗೆ ಹೋಟೆಲ್‌ನೊಳಗೆ ಫೋನ್ ಮಾಡಿ ಮಾತಾಡಬಲ್ಲ ಒಬ್ಬರು ಇರುತ್ತಾರೆ. ದೊಡ್ಡ ಬುಕಿಂಗ್ ಆ್ಯಪ್‌ಗಳಲ್ಲಿ ಮಾಡಿದರೆ ಸಾಮಾನ್ಯವಾಗಿ ಸಮೂಹದ ಪಾಯಿಂಟೂ ಸಿಗುವುದಿಲ್ಲ, ತೊಂದರೆ ಬಂದಾಗ ಹೋಟೆಲ್‌ನವರು ಆ್ಯಪ್‌ನವರನ್ನು ಕೇಳಿ ಎನ್ನುತ್ತಾರೆ, ಆ್ಯಪ್‌ನವರು ಹೋಟೆಲ್‌ನವರನ್ನು ಕೇಳಿ ಎನ್ನುತ್ತಾರೆ.

ಕ್ಲಬ್ ಲೌಂಜ್‌ಗೆ, ಅಂದರೆ ತಿಂಡಿ ಪಾನೀಯ ಸಿಗುವ ಪ್ರತ್ಯೇಕ ಕೂರುವ ಜಾಗಕ್ಕೆ, ಹೆಚ್ಚಿನ ದುಡ್ಡು ಕೊಡಬೇಕೇ ಎಂದು ಬಹಳ ಜನ ಕೇಳುತ್ತಾರೆ. ದಿನವಿಡೀ ಹೊರಗೆ ಇರುವವರಿಗೆ ಬೇಡ. ವಯಸ್ಸಾದವರಿಗೆ, ಮಕ್ಕಳೊಂದಿಗೆ ಬಂದವರಿಗೆ, ಅಲ್ಲೇ ಕೂತು ನಾಲ್ಕಾರು ಜನರನ್ನು ಭೇಟಿ ಮಾಡುವವರಿಗೆ ಕೊಟ್ಟ ದುಡ್ಡು ಸಾರ್ಥಕ.

ದರ ಹೋಲಿಸುವಾಗ ತೆರಿಗೆ, ಸರ್ವಿಸ್ ಚಾರ್ಜ್ ಎಲ್ಲ ಸೇರಿದ ಕೊನೆಯ ಮೊತ್ತವನ್ನಷ್ಟೇ ಪಕ್ಕಪಕ್ಕ ಇಡುತ್ತೇನೆ. ಒಬ್ಬರು ಎಲ್ಲ ಸೇರಿಸಿ ತೋರಿಸುತ್ತಾರೆ, ಇನ್ನೊಬ್ಬರು ತೆರಿಗೆ, ಸರ್ವಿಸ್ ಚಾರ್ಜ್ ಬೇರೆ ಎಂಬ ಅರ್ಥದಲ್ಲಿ ದರದ ಮುಂದೆ ಎರಡು ಪ್ಲಸ್ ಚಿಹ್ನೆ ಹಾಕಿ ಬಿಡುತ್ತಾರೆ. ಅಮೆರಿಕದ ನಗರಗಳಲ್ಲಿ ಡೆಸ್ಟಿನೇಷನ್ ಫೀ ಎಂಬ ಇನ್ನೊಂದು ಕಡ್ಡಾಯ ಶುಲ್ಕವನ್ನು ಕೊನೆಯ ಪುಟದಲ್ಲಿ ಸೇರಿಸುವ ರೂಢಿ ಇತ್ತು. 2025ರ ಮೇ 12ರಿಂದ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನಿಯಮದ ಪ್ರಕಾರ ಕಡ್ಡಾಯ ಶುಲ್ಕ ಸೇರಿದ ಮೊತ್ತವನ್ನೇ ಮೊದಲು ತೋರಿಸಬೇಕು. ರದ್ದುಪಡಿಸಲಾಗದ ಅಗ್ಗದ ದರವನ್ನು ನಾನು ಮುಟ್ಟುವುದು ಅಪರೂಪ. ರದ್ದುಪಡಿಸಬಹುದಾದ ದರದಲ್ಲಿ ಹಿಡಿದಿಟ್ಟು, ಹೊರಡುವ ವಾರ ಮತ್ತೆ ನೋಡುತ್ತೇನೆ. ಇಳಿದಿದ್ದರೆ ಹೊಸದಾಗಿ ಮಾಡಿ ಹಳೆಯದನ್ನು ಬಿಡುತ್ತೇನೆ. ಚೆಕ್‌ಇನ್ ಹೊತ್ತಿಗೆ ಕಾರ್ಡಿನಲ್ಲಿ ತಡೆಹಿಡಿಯುವ ಮುಂಗಡ ಎಷ್ಟು ಎಂದು ಅತಿಥಿಗೆ ಮೊದಲೇ ತಿಳಿಸಬೇಕು. ಡೆಬಿಟ್ ಕಾರ್ಡ್ ಕೊಟ್ಟರೆ ಆ ದುಡ್ಡು ವಾಪಸ್ ಬರಲು ದಿನಗಳೇ ಹಿಡಿಯಬಹುದು, ಕ್ರೆಡಿಟ್ ಕಾರ್ಡ್ ವಾಸಿ.

ವಿಮಾನದ ಹೊತ್ತು ಇನ್ನೊಂದು ದೊಡ್ಡ ಅಂಶ. ಬೆಳಿಗ್ಗೆ ಐದಕ್ಕೆ ಇಳಿಯುವವರಿಗೆ ಮಧ್ಯಾಹ್ನ ಮೂರರ ಚೆಕ್‌ಇನ್ ಎಂದರೆ ಹತ್ತು ಗಂಟೆ ಲಾಬಿಯಲ್ಲಿ. "ಖಾಲಿ ಇದ್ದರೆ ಕೊಡುತ್ತೇವೆ" ಎಂಬ ಮಾತನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ಹಿರಿಯರಾದರೆ ಹಿಂದಿನ ರಾತ್ರಿಯಿಂದಲೇ ರೂಮು ಹಿಡಿದು, "ಅತಿಥಿ ಮರುದಿನ ನಸುಕಿಗೆ ಬರುತ್ತಾರೆ, ನೋ-ಶೋ (ಬರಲಿಲ್ಲ) ಎಂದು ರೂಮು ಬೇರೆಯವರಿಗೆ ಬಿಡಬೇಡಿ" ಎಂದು ಬರೆದು, ಒಪ್ಪಿಗೆಯ ಉತ್ತರ ತರಿಸಿಕೊಳ್ಳುತ್ತೇನೆ. ರಾತ್ರಿ ವಿಮಾನಕ್ಕೆ ಹೊರಡುವವರಿಗೆ ಸಂಜೆ ನಾಲ್ಕರವರೆಗೆ ಖಚಿತವಾದ ಲೇಟ್ ಚೆಕ್‌ಔಟ್ ಕೊಡುವ ಸದಸ್ಯತ್ವ ಅಥವಾ ಕಾರ್ಡ್ ಯೋಜನೆ ಇದ್ದರೆ, ದರ ತುಸು ಹೆಚ್ಚಾದರೂ ಆ ಹೋಟೆಲ್‌ಗೇ ನನ್ನ ಮತ.

ವಿಮರ್ಶೆಗಳಲ್ಲಿ ಸ್ಟಾರ್ ಸರಾಸರಿ ನೋಡುವುದಿಲ್ಲ. ಕಳೆದ ಮೂರು ನಾಲ್ಕು ತಿಂಗಳವು ಮಾತ್ರ, ಅದರಲ್ಲೂ ಮಧ್ಯಮ ಅಂಕ ಕೊಟ್ಟವರು ಬರೆದದ್ದು. ಅವರಿಗೆ ಕೋಪವೂ ಇರುವುದಿಲ್ಲ, ಮೋಹವೂ ಇರುವುದಿಲ್ಲ. ಅತಿಥಿಗಳು ತಾವೇ ತೆಗೆದ ಬಾತ್‌ರೂಮ್ ಚಿತ್ರಗಳಲ್ಲಿ ಟೈಲ್ಸ್ ಸಂದಿಯನ್ನೂ ಸಿಲಿಕೋನ್ ಅಂಚನ್ನೂ ದೊಡ್ಡದು ಮಾಡಿ ನೋಡುತ್ತೇನೆ. ಅದು ಕಪ್ಪಾಗಿದ್ದರೆ ಉಳಿದ ಕಡೆಯ ನಿಗಾ ಹೇಗಿದೆ ಎಂದು ಊಹಿಸಬಹುದು. ದೂರಿಗೆ ಹೋಟೆಲ್ ಕೊಟ್ಟ ಉತ್ತರ ಎಲ್ಲರಿಗೂ ಅಂಟಿಸಿದ ಒಂದೇ ವಾಕ್ಯವೋ, ಆ ದೂರನ್ನು ಓದಿ ಬರೆದದ್ದೋ ಎಂಬುದೂ ಬಹಳ ಹೇಳುತ್ತದೆ. ಹೊರಗಿನ ಮಾಪನ ಬೇಕಿದ್ದರೆ ಫೋರ್ಬ್ಸ್ ಟ್ರಾವೆಲ್ ಗೈಡ್‌ನ ಸ್ಟಾರ್ ನೋಡಬಹುದು, 1958ರಲ್ಲಿ ಮೊಬಿಲ್ ಗೈಡ್ ಎಂದು ಶುರುವಾದದ್ದು ಅದು. ಅವರ ಪರೀಕ್ಷಕರು ಗುರುತು ಹೇಳದೆ ಹೋಗಿ ಉಳಿಯುತ್ತಾರೆ. ಹೋಟೆಲ್ ತಲುಪಿದ ಮೇಲೆ ಅತಿಥಿಗಳಿಗೆ ಊರಿನ ವ್ಯವಸ್ಥೆ ಮಾಡಿಕೊಡುವ ಕನ್ಸಿಯರ್ಜ್‌ನ ಕೋಟಿನ ಕಾಲರಿನಲ್ಲಿ ಅಡ್ಡಡ್ಡ ಕೂಡಿಸಿದ ಎರಡು ಚಿನ್ನದ ಕೀಲಿಗಳ ಪಿನ್ ಕಂಡರೆ ಅವರು ಲೆ ಕ್ಲೆ ದೋರ್ ಎಂಬ ಸಂಘದ ಸದಸ್ಯರು ಎಂದು ತಿಳಿಯಿರಿ. ಆ ಊರಿನ ಬಗ್ಗೆ ಕಷ್ಟದ ಪ್ರಶ್ನೆ ಇದ್ದರೆ ಅವರ ಹತ್ತಿರ ಕೇಳಿ, ಸಂಕೋಚ ಬೇಡ.

ಆ ವಿದ್ವಾಂಸೆ ಹೊರಟ ಮರುದಿನ ಫೋನ್ ಮಾಡಿ ಕೇಳಿದೆ: ನಿದ್ದೆ ಬಂತೇ, ಬಿಸಿನೀರು ಹೇಗಿತ್ತು, ರಾತ್ರಿ ಏನಾದರೂ ಕೇಳಿದಾಗ ಎಷ್ಟು ಹೊತ್ತಿಗೆ ತಂದರು. ಎಲ್ಲ ಅತಿಥಿಗಳಿಗೂ ಈ ಮೂರೇ ಕೇಳುವುದು. "ಸ್ಟೂಲ್ ಹಾಕಿದ್ದರಮ್ಮ, ಜಾರದ ಹಾಗೆ ಕೆಳಗೆ ರಬ್ಬರ್ ಚಾಪೆಯನ್ನೂ ಹಾಸಿದ್ದರು" ಎಂದರು. ಉತ್ತರಗಳನ್ನು ರೂಮ್ ನಂಬರಿನ ಮುಂದೆ ಬರೆದಿಡುತ್ತೇನೆ, ಹೋಟೆಲ್ ಹೆಸರಿನ ಮುಂದೆ ಅಲ್ಲ. ಎತ್ತರದ ಕಟ್ಟಡಗಳಲ್ಲಿ ಕೊನೆಯ ಎರಡಂಕಿ ಒಂದೇ ಇರುವ ರೂಮುಗಳು ಸಾಮಾನ್ಯವಾಗಿ ಒಂದರ ಮೇಲೊಂದು ನಿಂತಿರುತ್ತವೆ, ನಕ್ಷೆ ಒಂದೇ. ಅವರು ಎರಡನೆಯ ಸಲ ಬಂದಾಗ ಹಿಂದಿನ 1114 ಖಾಲಿ ಇರಲಿಲ್ಲ. 1214 ಕೊಡಿ ಎಂದು ಬರೆದೆ, ಕೊಟ್ಟರು. ಶವರ್‌ನ ಹಿಡಿ ಅದೇ ಬದಿಗಿತ್ತು.